ಮೈಸ್ಕೀಮ್, ಜನ್ ಸಮರ್ಥ್, ಸೇವಾ ಸಿಂಧು: ಯಾರಿಗೆ ಯಾವುದು?

ಯಾವ ಸರ್ಕಾರಿ ಯೋಜನೆ ಇದೆ ಅನ್ನೋದೇ ಗೊತ್ತಿಲ್ಲ ಅಂದ್ರೆ ಮೈಸ್ಕೀಮ್‌ನಿಂದ ಶುರು ಮಾಡಿ. 2022ರಲ್ಲಿ ಬಂದ ಕೇಂದ್ರ ಸರ್ಕಾರದ ಜಾಲತಾಣ ಇದು. ವಯಸ್ಸು, ರಾಜ್ಯ, ಜಾತಿ, ಆದಾಯ ಕೇಳಿ, ನಿಮಗೆ ಹೊಂದುವ ಕೇಂದ್ರ, ರಾಜ್ಯ ಯೋಜನೆಗಳನ್ನು ತೋರಿಸುತ್ತದೆ. ಆದರೆ ಅರ್ಜಿಗೆ ಹೆಚ್ಚಾಗಿ ಬೇರೆ ತಾಣಕ್ಕೇ ಹೋಗಬೇಕು.

ಸಾಲವೇ ಬೇಕಿದ್ದರೆ ಅಲ್ಲಿ ಸುಮ್ನೆ ಸುತ್ತಬೇಡಿ. ಕೇಂದ್ರ ಸರ್ಕಾರದ ಸಾಲ ಯೋಜನೆಗಳ ತಾಣ ಜನ್ ಸಮರ್ಥ್‌ನಲ್ಲಿ ಶಿಕ್ಷಣ ಸಾಲ, ಸಣ್ಣ ಉದ್ಯಮಕ್ಕೆ ಕೊಡುವ ಮುದ್ರಾದಂಥ ಸಾಲಗಳಿಗೆ ಅರ್ಹತೆ ನೋಡಿ, ಬ್ಯಾಂಕ್ ಆರಿಸಿ, ಅಲ್ಲೇ ಅರ್ಜಿ ಹಾಕಬಹುದು. ದಾಖಲೆ ಕೆಲಸ ಮಾತ್ರ ಜಾಸ್ತಿ. ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೈಯಲ್ಲಿರಲಿ. ಕೊನೆಗೆ ಸಾಲ ಕೊಡುವುದು, ಬಿಡುವುದು ಬ್ಯಾಂಕಿಗೇ ಬಿಟ್ಟದ್ದು.

ಕರ್ನಾಟಕದ್ದೇ ಸೌಲಭ್ಯ, ಹೆಸರೂ ಗೊತ್ತಿದೆ ಅಂದ್ರೆ ನೇರ ರಾಜ್ಯ ಸರ್ಕಾರದ ತಾಣ ಸೇವಾ ಸಿಂಧುಗೆ ಹೋಗಿ. ಕನ್ನಡದಲ್ಲೇ ಓದಿಕೊಳ್ಳಬಹುದು. ಹಳ್ಳಿಯ ಹಿರಿಯರಿಗೆ ಮೊಬೈಲ್‌ನಲ್ಲಿ ಇದೆಲ್ಲ ಕಷ್ಟ ಅಲ್ವಾ? ಅವರನ್ನು ಹತ್ತಿರದ ಗ್ರಾಮ ಒನ್ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಶುಲ್ಕ ಸ್ವಲ್ಪ ಆಗುತ್ತದೆ, ಅರ್ಜಿ ಅಲ್ಲಿನ ಸಿಬ್ಬಂದಿಯೇ ಹಾಕಿಕೊಡುತ್ತಾರೆ.