ಮಕ್ಕಳೊಂದಿಗೆ ಕಚ್ಚಾ ರಸ್ತೆಗಳ ಪ್ರವಾಸ: ಗಡಿ ದಾಟಲು ಸ್ವಂತ ಕಾರೋ, ಬಾಡಿಗೆ ಕಾರೋ?

ಸ್ವಂತ ಕಾರಿನಲ್ಲಿ ಮಗುವಿನ ಆಸನದಿಂದ ಹಿಡಿದು ಹೆಚ್ಚುವರಿ ಟಯರ್‌ವರೆಗೆ ಎಲ್ಲವೂ ನಿಮ್ಮದೇ. ಎಂಜಿನ್ನಿನ ಯಾವ ಸದ್ದು ಸಹಜ, ಯಾವುದು ಕೇಡಿನದು ಎಂಬುದೂ ಗೊತ್ತು. ಆದರೆ ಹಲವು ದೇಶಗಳು ಕಾರ್ನೆಟ್ ಎಂಬ ಸುಂಕದ ದಾಖಲೆಪತ್ರ ಕೇಳುತ್ತವೆ. ವಾಹನವನ್ನು ಅಲ್ಲೇ ಮಾರಿ ಬರುವುದಿಲ್ಲ ಎಂಬುದಕ್ಕೆ ಅದು ಖಾತರಿ. ಅವಧಿ ಸಾಮಾನ್ಯವಾಗಿ 1 ವರ್ಷ. ಠೇವಣಿ ಮಾತ್ರ ಎದೆ ನಡುಗಿಸುವಷ್ಟು. ಒಳಹೋಗುವಾಗ ಒಂದು ಮುದ್ರೆ, ಹೊರಬರುವಾಗ ಇನ್ನೊಂದು. ನಿದ್ದೆಗಣ್ಣಿನ ಮಕ್ಕಳ ಗಲಾಟೆಯಲ್ಲಿ ಎರಡನೆಯದನ್ನು ಮರೆತರೆ ಠೇವಣಿಗೇ ಕುತ್ತು.

ಗಡಿಯಾಚೆ ಬಾಡಿಗೆ ಕಾರು ಹಿಡಿದರೆ ಈ ತಾಪತ್ರಯವಿಲ್ಲ. ಆದರೆ ಕಚ್ಚಾ ರಸ್ತೆಗಿಳಿದರೆ ಅನೇಕ ಒಪ್ಪಂದಗಳಲ್ಲಿ ವಿಮೆ ಅನ್ವಯಿಸುವುದಿಲ್ಲ. ನೀವು ಹೊರಟಿರುವುದೇ ಅಂಥ ರಸ್ತೆಗೆ ತಾನೇ! ಎರಡು ವಾರದ ಪ್ರವಾಸಕ್ಕೆ ನನ್ನ ಮತ ಬಾಡಿಗೆಗೆ, ತಿಂಗಳುಗಟ್ಟಲೆ ಹೊರಟವರಿಗೆ ಸ್ವಂತ ಕಾರು. ಹೆತ್ತವರಲ್ಲಿ ಒಬ್ಬರೇ ಮಗುವನ್ನು ಕರೆದೊಯ್ಯುವುದಾದರೆ ಇನ್ನೊಬ್ಬರ ಒಪ್ಪಿಗೆ ಪತ್ರ ಜೊತೆಗಿರಲಿ.