ಎದೆಯ ಗಂಟನ್ನು ಕೊಯ್ಸುವ ಮೊದಲು ಸೂಜಿ ಪರೀಕ್ಷೆ ಮಾಡಿಸಿ

ಹೋದ ವರ್ಷ ದೀಪಾವಳಿಯ ಎಣ್ಣೆ ಸ್ನಾನದ ದಿನ ನನ್ನ ಎಡ ಎದೆಯಲ್ಲಿ ಅಡಿಕೆ ಗಾತ್ರದ ಗಂಟು ಕೈಗೆ ಸಿಕ್ಕಿತು. ನೋವಿರಲಿಲ್ಲ. ನೋವಿಲ್ಲ ಅಂದ ಮೇಲೆ ಏನೂ ಇರಲ್ಲ ಅಂತ ಸುಮ್ನಿದ್ದೆ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದೇ ಇಲ್ಲ ಅನ್ನುವುದು ಆಗ ಗೊತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನಮ್ಮೂರಿನ ಹತ್ತಿರದ ಒಂದು ನರ್ಸಿಂಗ್ ಹೋಮ್‌ಗೆ ಹೋದೆ. ಡಾಕ್ಟರು ಮುಟ್ಟಿ ನೋಡಿದರು, ಸ್ಕ್ಯಾನಿಂಗ್ ಕೂಡ ಬರೆಯಲಿಲ್ಲ. "ಕೊಬ್ಬಿನ ಗಡ್ಡೆ ಕಣಮ್ಮ, ಅರ್ಧ ಗಂಟೆ ಕೆಲಸ, ತೆಗೆದುಬಿಡೋಣ" ಅಂದರು. ಸೂಜಿ ಹಾಕಿ ಟೆಸ್ಟ್ ಮಾಡಬೇಕಾ ಸಾರ್ ಅಂತ ನಮ್ಮ ಮನೆಯವರು ಕೇಳಿದ್ದರು. ಜೊತೆಗಿದ್ದ ನಮ್ಮ ಅತ್ತಿಗೆ, ಸೂಜಿ ಚುಚ್ಚಿದ್ರೆ ಹರಡುತ್ತಂತೆ ಬೇಡ ಅಂದರು. ಡಾಕ್ಟರೂ ಬೇಡ ಬಿಡಿ ಅಂದರು. ಮಾರನೇ ದಿನವೇ ಗಂಟು ತೆಗೆದರು. ತೆಗೆದದ್ದು ಎಲ್ಲಿ ಅಂತ ಕೇಳಿದ್ದಕ್ಕೆ, ಅದನ್ನೇನು ಮಾಡ್ತೀರಮ್ಮ, ಬಿಸಾಕಿ ಆಯ್ತು ಅಂದರು.

ಯುಗಾದಿ ಹೊತ್ತಿಗೆ ಹೊಲಿಗೆಯ ಪಕ್ಕದಲ್ಲೇ ಮತ್ತೆ ಗಂಟು. ಕಂಕುಳಲ್ಲಿ ಇನ್ನೊಂದು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಿದೆವು.

ಅಲ್ಲಿ ಮೊದಲು ಮ್ಯಾಮೋಗ್ರಾಮ್, ಅಂದರೆ ಎದೆಯ ಎಕ್ಸ್‌ರೇ. ಆಮೇಲೆ ಕೋರ್ ಬಯಾಪ್ಸಿ, ಅದೇ ಸೂಜಿ ಪರೀಕ್ಷೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ದಪ್ಪ ಸೂಜಿಯಿಂದ ಶ್ಯಾವಿಗೆ ಎಳೆಯಂಥ ತುಂಡುಗಳನ್ನು ತೆಗೆಯುತ್ತಾರೆ. ಅವತ್ತೇ ಮನೆಗೆ ಬರಬಹುದು. ನಾವು ಹೆದರಿ ಬಿಟ್ಟಿದ್ದು ಇಷ್ಟು ಸಣ್ಣ ಕೆಲಸವನ್ನ! ಇದರಿಂದ ಕ್ಯಾನ್ಸರ್ ಹರಡುತ್ತೆ ಅನ್ನುವುದು ಸುಳ್ಳು ಭಯ ಅಂತ ಅಲ್ಲಿನ ಡಾಕ್ಟರು ಅತ್ತಿಗೆಗೇ ಕೂರಿಸಿ ಹೇಳಿದರು. ಪಾಪ, ಅವರು ಅತ್ತುಬಿಟ್ಟರು. ನನಗೆ ಅವರ ಮೇಲೆ ಸಿಟ್ಟಿಲ್ಲ. ಓದಿದ ಡಾಕ್ಟರು ಹೂಂಗುಟ್ಟಿದ್ದರ ಮೇಲೆ ಸಿಟ್ಟಿದೆ.

ರಿಪೋರ್ಟ್‌ನಲ್ಲಿ ಕ್ಯಾನ್ಸರ್ ಅಂತ ಬಂತು. ಮೊದಲ ಗಂಟು ಎಷ್ಟು ದೊಡ್ಡದಿತ್ತು, ಅಂಚಿನವರೆಗೂ ಕ್ಯಾನ್ಸರ್ ಇತ್ತಾ, ಅದನ್ನೆಲ್ಲ ಆ ತುಂಡು ಹೇಳುತ್ತಿತ್ತು. ಅದು ಕಸಕ್ಕೆ ಹೋಗಿತ್ತು. ಮೊದಲೇ ಗೊತ್ತಾಗಿದ್ದರೆ ಎದೆ ಉಳಿಸಿಕೊಂಡು ಗಂಟಷ್ಟೇ ಸರಿಯಾಗಿ ತೆಗೆಯುವ ದಾರಿ ಇರುತ್ತಿತ್ತೇನೋ. ಈಗ ಪೂರ್ತಿ ತೆಗೆಯಲೇಬೇಕು, ಕಂಕುಳಿನ ಗಂಟುಗಳನ್ನೂ. ಅದಕ್ಕೆ ಮುಂಚೆ ಮೂರು ವಾರಕ್ಕೊಂದರಂತೆ ಎಂಟು ಕಿಮೋ ಆಯಿತು.

ಅಕ್ಕತಂಗಿಯರೇ, ಕೈಮುಗಿದು ಕೇಳ್ತೀನಿ. ಎದೆಯಲ್ಲಿ ಏನೇ ಗಂಟು ಸಿಕ್ಕರೂ ಸ್ಕ್ಯಾನಿಂಗ್ ಮತ್ತು ಸೂಜಿ ಪರೀಕ್ಷೆ ಆಗದೆ ಕತ್ತಿ ಮುಟ್ಟಿಸಬೇಡಿ. ದೇಹದಿಂದ ತೆಗೆದ ಯಾವುದೇ ತುಂಡು ಲ್ಯಾಬಿಗೆ ಹೋಗಲೇಬೇಕು. ಕ್ಯಾನ್ಸರ್ ಅಂತ ಬಂದರೆ ಇ.ಆರ್., ಪಿ.ಆರ್., ಹರ್-2 ಟೆಸ್ಟ್ ಆಗಿದೆಯಾ ಕೇಳಿ. ಕ್ಯಾನ್ಸರ್ ಹಾರ್ಮೋನಿನಿಂದ ಬೆಳೆಯುತ್ತಾ, ಹರ್-2 ಅನ್ನುವ ಪ್ರೋಟೀನ್ ಅದರಲ್ಲಿ ಜಾಸ್ತಿ ಇದೆಯಾ ಅಂತ ನೋಡುವ ಟೆಸ್ಟ್ ಇವು. ಯಾವ ಔಷಧಿ ಕೊಡಬೇಕು ಅನ್ನುವುದು ಅದರ ಮೇಲೆ ನಿಂತಿದೆ. ಬೇರೆ ಆಸ್ಪತ್ರೆಗೆ ಹೋಗುವಾಗ ರಿಪೋರ್ಟ್ ಮಾತ್ರ ಅಲ್ಲ, ತೆಗೆದ ತುಂಡಿನ ತೆಳು ಪದರ ಅಂಟಿಸಿದ ಗಾಜಿನ ಸ್ಲೈಡು, ತುಂಡನ್ನು ಕೂರಿಸಿಟ್ಟ ಮೇಣದ ಬ್ಲಾಕು ಎರಡನ್ನೂ ಕೇಳಿ ತಗೊಳ್ಳಿ. ದುಡ್ಡಿಲ್ಲ ಅಂತ ಮುಚ್ಚಿಡಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ.

ಮುಂದಿನ ಬುಧವಾರ ನನ್ನ ಆಪರೇಷನ್. ಮುಂದೆ ಗುಂಡಿ ಇರುವ ನೈಟಿ ಮೂರು ಹೊಲಿದುಕೊಂಡಿದ್ದೀನಿ, ತೋಳು ಮೇಲೆತ್ತಿ ಹಾಕಿಕೊಳ್ಳೋಕೆ ಆಗಲ್ಲವಂತೆ. ಆಪರೇಷನ್ ಆದ ಮೇಲೆ ಗಾಯದ ನೀರು ಹೊರಗೆ ಹೋಗಲು ಕಂಕುಳ ಕೆಳಗೆ ಹಾಕುವ ಡ್ರೈನ್ ಪೈಪಿನ ಬಾಟಲಿ ಇಡೋಕೆ ಮಗಳು ಹೆಗಲಿಗೆ ಹಾಕುವ ಬಟ್ಟೆ ಚೀಲ ಮಾಡಿದ್ದಾಳೆ. ಎಷ್ಟು ಎಂಎಲ್ ಬಂತು ಅಂತ ದಿನಾ ಬರೆದಿಡಬೇಕಂತೆ, ಅದಕ್ಕೊಂದು ನೋಟ್‌ಬುಕ್. ಗೋಡೆ ಮೇಲೆ ಬೆರಳಲ್ಲಿ ಹತ್ತುವ ವ್ಯಾಯಾಮವನ್ನೂ ಈಗಲೇ ಕಲಿತಿದ್ದೀನಿ, ಭುಜ ಹಿಡಿದುಕೊಳ್ಳಬಾರದಲ್ವಾ. ಫೈಲಿನ ಮೊದಲ ಹಾಳೆಯಲ್ಲಿ ಒಂದೇ ಸಾಲು ಬರೆದಿದ್ದೀನಿ, ಓಟಿಗೆ ಹೋಗುವ ಮೊದಲು ಡಾಕ್ಟರಿಗೆ ತೋರಿಸೋಕೆ: "ತೆಗೆದದ್ದೆಲ್ಲ ಲ್ಯಾಬಿಗೆ ಕಳಿಸಿ."