ವೆಲ್ಸ್ ಲೈಬ್ರರಿಯ ಕೆಳಮಹಡಿ: ಪುಸ್ತಕ ಬಿಡಿ, ಸಿನಿಮಾಗೆ ಹೋಗಿ

ಅಮೆರಿಕದ ಬ್ಲೂಮಿಂಗ್ಟನ್‌ಗೆ ಓದೋಕೆ ಬರುವ ನಮ್ಮವರಿಗೆ ಇಂಡಿಯಾನಾ ಯೂನಿವರ್ಸಿಟಿಯ ವೆಲ್ಸ್ ಲೈಬ್ರರಿ ಅಂದರೆ ವೈಫೈ, ಪ್ರಿಂಟರ್, ಪರೀಕ್ಷೆ ಹತ್ತಿರ ಬಂದಾಗ ರಾತ್ರಿ ಕೂತು ಓದೋ ಜಾಗ, ಅಷ್ಟೇ. ಅದೇ ಕಟ್ಟಡದ ಕೆಳಮಹಡಿಯಲ್ಲಿ ಹಳೆಯ ಫಿಲಂ, ವಿಡಿಯೊಗಳನ್ನು ಜೋಪಾನವಾಗಿ ಇಡುವ ಮೂವಿಂಗ್ ಇಮೇಜ್ ಆರ್ಕೈವ್ ಅಂತ ಒಂದು ವಿಭಾಗ ಇದೆ, ಪಕ್ಕದಲ್ಲೇ ಒಂದು ಪುಟ್ಟ ಸ್ಕ್ರೀನಿಂಗ್ ರೂಮ್ ಇದೆ, ಅಲ್ಲಿಗೆ ಇಳಿದು ನೋಡುವವರು ಮಾತ್ರ ಕಮ್ಮಿ. ನನ್ನ ಕೇಳಿದರೆ ಈ ಊರಲ್ಲಿ ಕಾಸು ಖರ್ಚಿಲ್ಲದೆ ಸಿಗೋ ಅತ್ಯುತ್ತಮ ಮನರಂಜನೆ ಇದೇ.

ಇಲ್ಲಿ ಇರುವುದು 1 ಲಕ್ಷದ 30 ಸಾವಿರಕ್ಕೂ ಹೆಚ್ಚು ಫಿಲಂ, ವಿಡಿಯೊಗಳು. ಹಾಲಿವುಡ್ ಸೂಪರ್‌ಹಿಟ್ ಹುಡುಕಿಕೊಂಡು ಹೋದರೆ ನಿರಾಸೆ ಗ್ಯಾರಂಟಿ. ಜಾಸ್ತಿ ಇರುವುದು ಶಾಲೆಗಳಿಗೆ ಅಂತ ಮಾಡಿದ 16 ಎಂಎಂ ಪಾಠದ ಫಿಲಂಗಳು. ಹಲ್ಲು ಉಜ್ಜೋದು ಹೇಗೆ, ಕಾರು ಓಡಿಸೋದು ಹೇಗೆ, ಅಪ್ಪ ಅಮ್ಮನ ಜೊತೆ ಊಟಕ್ಕೆ ಕೂತಾಗ ಹೇಗಿರಬೇಕು, ಇಂಥವು. ಒಂದು ಕಾಲದಲ್ಲಿ ಈ ಯೂನಿವರ್ಸಿಟಿಯೇ ದೇಶದ ಶಾಲೆಗಳಿಗೆಲ್ಲ ಫಿಲಂ ಬಾಡಿಗೆಗೆ ಕಳಿಸುತ್ತಿತ್ತು. ಅಮೆರಿಕದ ಸಾರ್ವಜನಿಕ ಟಿವಿ ಜಾಲವಾದ ಪಿಬಿಎಸ್ ಬರೋಕೆ ಮುಂಚೆ ಇದ್ದ ನ್ಯಾಷನಲ್ ಎಜುಕೇಷನಲ್ ಟೆಲಿವಿಷನ್‌ನ ಕಾರ್ಯಕ್ರಮಗಳೂ ಇಲ್ಲಿಂದಲೇ ರೀಲಿನಲ್ಲಿ ಹೋಗುತ್ತಿದ್ದವು. ವಿಡಿಯೊ ಕಾಲ ಬಂದಾಗ ಎಷ್ಟೋ ಕಡೆ ಇಂಥದ್ದನ್ನೆಲ್ಲ ಕಸಕ್ಕೆ ಹಾಕಿದರು. ಇವರು ಇಟ್ಟುಕೊಂಡರು. ನಮ್ಮಲ್ಲಿ ವಾರ್ತಾ ಇಲಾಖೆಯ ವ್ಯಾನ್ ಊರೂರಿಗೆ ಬಂದು ಬಿಳಿ ಪರದೆ ಕಟ್ಟಿ ತೋರಿಸುತ್ತಿತ್ತಲ್ಲ, ಆ ರೀಲುಗಳೆಲ್ಲ ಈಗ ಎಲ್ಲಿವೆಯೋ ಅಂತ ನನಗೆ ಪ್ರತಿ ಸಲವೂ ಅನಿಸುತ್ತದೆ.

ನಾನು ಅಲ್ಲಿ ನೋಡಿದ ಒಂದು ಪಾಠದ ಫಿಲಂ ಪೂರ್ತಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಆಕಾಶ ಗುಲಾಬಿ, ಹುಲ್ಲು ಗುಲಾಬಿ, ಮೇಷ್ಟರ ಕೋಟೂ ಗುಲಾಬಿ. ಹಳೆಯ ಈಸ್ಟ್‌ಮನ್ ಕಲರ್ ಪ್ರಿಂಟುಗಳ ಹಣೆಬರಹವೇ ಅಷ್ಟು, ನೀಲಿ-ಹಸಿರು ಮೊದಲು ಮಾಸಿ ಕೆಂಪು ಉಳಿದುಬಿಡುತ್ತದೆ. ಪ್ರೊಜೆಕ್ಟರ್ ಹಿಂದೆ ಟಕಟಕ ಅನ್ನುತ್ತಿತ್ತು. 400 ಅಡಿ ರೀಲು ಅಂದರೆ ಸುಮಾರು 11 ನಿಮಿಷ, ಅಷ್ಟರಲ್ಲಿ ಮುಗಿದೇ ಹೋಯಿತು. ಆಮೇಲೆ ನಡೆಸಿಕೊಡುತ್ತಿದ್ದವರು ಬೇರೊಂದು ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿ ಅಂದರು. ಮೂಗಿಗೆ ಹೊಡೆಯೋ ಥರ ವಿನಿಗರ್ ವಾಸನೆ! ಅಸಿಟೇಟ್ ಅನ್ನೋ ಪ್ಲಾಸ್ಟಿಕ್‌ನ ಫಿಲಂ ಕೊಳೆಯೋಕೆ ಶುರುವಾದರೆ ಹೀಗೇ, ಒಮ್ಮೆ ಶುರುವಾದರೆ ನಿಲ್ಲಿಸೋಕೆ ಆಗಲ್ಲ, ನಿಧಾನ ಮಾಡಬಹುದು ಅಷ್ಟೇ. ಅದಕ್ಕೇ ರೀಲುಗಳನ್ನೆಲ್ಲ ಬೇರೆ ಕಟ್ಟಡದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಚಳಿಯಲ್ಲಿ, 30 ಪರ್ಸೆಂಟ್ ತೇವದಲ್ಲಿ ಇಟ್ಟಿದ್ದಾರೆ. ಹಾಗಾಗಿ ಹೋದ ತಕ್ಷಣ ಇದು ಕೊಡಿ, ಅದು ಕೊಡಿ ಅಂತ ಕೇಳೋಕೆ ಆಗಲ್ಲ. ಮೊದಲೇ ಬರೆದು ತಿಳಿಸಬೇಕು.

ಕಾಯೋ ತಾಳ್ಮೆ ಇಲ್ಲದವರಿಗೆ ಆನ್‌ಲೈನ್‌ನಲ್ಲೂ ತುಂಬ ಇದೆ. 2020ಕ್ಕೆ ಯೂನಿವರ್ಸಿಟಿಗೆ 200 ವರ್ಷ ತುಂಬುತ್ತದೆ ಅಂತ ಹಳೆಯ ಆಡಿಯೊ, ವಿಡಿಯೊ, ಆಮೇಲೆ ಫಿಲಂ ಎಲ್ಲವನ್ನೂ ಡಿಜಿಟಲ್ ಮಾಡುವ ದೊಡ್ಡ ಕೆಲಸವನ್ನೇ ಹಿಡಿದಿದ್ದರು. ಅದರ ಫಲ ಈಗ ಮನೆಯಲ್ಲಿ ಕೂತು ನೋಡಬಹುದು.

ಕಾರ್ಯಕ್ರಮಗಳ ಮೇಲೂ ಒಂದು ಕಣ್ಣಿಟ್ಟಿರಿ. ನನಗೆ ಎಲ್ಲಕ್ಕಿಂತ ಇಷ್ಟ ಹೋಂ ಮೂವಿ ಡೇ. ಜನ ಅಟ್ಟದ ಮೇಲಿದ್ದ ಮನೆಯ ರೀಲುಗಳನ್ನು ಹೊತ್ತು ತರುತ್ತಾರೆ, ತಿಳಿದವರು ಅದನ್ನು ಪರೀಕ್ಷೆ ಮಾಡಿ ಎಲ್ಲರೆದುರು ಹಾಕುತ್ತಾರೆ. ಯಾರದೋ ಅಜ್ಜಿಯ ಮದುವೆ, ಯಾರದೋ ನಾಯಿ. ಸುಮ್ನೆ ಕೂತು ನೋಡಿ, ಎದ್ದು ಬರೋಕೆ ಮನಸ್ಸಾಗಲ್ಲ. ಇದೇ ಕೆಳಮಹಡಿಯಲ್ಲೇ ಬ್ಲ್ಯಾಕ್ ಫಿಲಂ ಸೆಂಟರ್ ಕೂಡ ಇದೆ. 1981ರಲ್ಲಿ ಫಿಲಿಸ್ ಕ್ಲಾಟ್‌ಮನ್ ಶುರು ಮಾಡಿದ್ದು. ಕರಿಯರ ಸಿನಿಮಾ ಚರಿತ್ರೆಗೆ ಅಂತಲೇ ಇರುವ ಆರ್ಕೈವ್, ಅದರ ಪ್ರದರ್ಶನಗಳನ್ನು ತಪ್ಪಿಸಬೇಡಿ.

ದೊಡ್ಡ ಪರದೆ ಬೇಕಾದರೆ ಕ್ಯಾಂಪಸ್‌ನಲ್ಲೇ ಯೂನಿವರ್ಸಿಟಿಯದೇ ಚಿತ್ರಮಂದಿರ ಐಯು ಸಿನಿಮಾ ಇದೆ, 2011ರ ಜನವರಿಯಲ್ಲಿ ತೆರೆದದ್ದು. 35 ಎಂಎಂ, 16 ಎಂಎಂ ಎರಡೂ ಓಡುತ್ತವೆ. ಗೋಡೆ ಮೇಲೆ ಅಮೆರಿಕದ ಚಿತ್ರಕಾರ ಥಾಮಸ್ ಹಾರ್ಟ್ ಬೆಂಟನ್ 1933ರ ಶಿಕಾಗೋ ವಿಶ್ವ ಮೇಳಕ್ಕೆ ಬರೆದ ಚಿತ್ರಗಳಲ್ಲಿ ಎರಡು ಇವೆ, ದೀಪ ಆರಿಸೋ ಮುಂಚೆ ಹೋಗಿ ಕೂತರೆ ಅವನ್ನೂ ನೋಡಬಹುದು.

ಸ್ಟ್ರೀಮಿಂಗ್ ಇರುವಾಗ ಇದೆಲ್ಲ ಯಾಕೆ ಅಂತ ಕೇಳೋರಿಗೆ ಒಂದು ಮಾತು. ಲೈಬ್ರರಿ ಲೆಕ್ಕದಲ್ಲಿ ಬರುವ ಒಂದು ಸ್ಟ್ರೀಮಿಂಗ್ ಸೇವೆಯಲ್ಲಿ ನಾನು ಅರ್ಧ ನೋಡಿಟ್ಟಿದ್ದ ಸಿನಿಮಾ ಮುಂದಿನ ತಿಂಗಳು ಮಾಯ. ಲೈಸೆನ್ಸ್ ಮುಗಿದಿತ್ತು. 2019ರಲ್ಲಿ ನ್ಯೂಯಾರ್ಕ್‌ನ ಸಾರ್ವಜನಿಕ ಲೈಬ್ರರಿಗಳು ಖರ್ಚು ಜಾಸ್ತಿ ಅಂತ ಕ್ಯಾನೊಪಿ ಅನ್ನೋ ಇಂಥದ್ದೇ ಸ್ಟ್ರೀಮಿಂಗ್ ಸೇವೆಯನ್ನೇ ಬಿಟ್ಟವು. ಕಪಾಟಿನಲ್ಲಿರುವ ಡಿವಿಡಿಗೆ ಆ ಭಯ ಇಲ್ಲ. ಅದಕ್ಕೇ ಇವತ್ತಿಗೂ ಡಿವಿಡಿ ಸಾಲನ್ನು ಉಳಿಸಿಕೊಂಡಿರುವ ಲೈಬ್ರರಿ ಅಂದರೆ ನನಗೆ ಗೌರವ. ಊರಿಂದ ಡಿವಿಡಿ ತರುವವರು ಮಾತ್ರ ಯಾವ ದೇಶದ ಪ್ಲೇಯರ್‌ನಲ್ಲಿ ಓಡುತ್ತದೆ ಅಂತ ಹೇಳುವ ರೀಜನ್ ಕೋಡ್ ನೋಡಿಕೊಳ್ಳಿ, ಭಾರತದ್ದು 5, ಇಲ್ಲಿಯದು 1.

ಕನ್ನಡದ್ದು ನೆನಪಾದರೆ ಹೊಟ್ಟೆ ಉರಿಯುತ್ತದೆ. 1934ರ ನಮ್ಮ ಮೊದಲ ಟಾಕಿ 'ಸತಿ ಸುಲೋಚನ'ದ ಒಂದು ಪ್ರಿಂಟೂ ಉಳಿದಿಲ್ಲ. ಇನ್ನೊಂದು ಕಡೆ ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ದ ನೆಗೆಟಿವ್ ಪುಣೆಯ ರಾಷ್ಟ್ರೀಯ ಫಿಲಂ ಆರ್ಕೈವ್‌ನಲ್ಲಿ ಇದ್ದಿದ್ದರಿಂದಲೇ ಅದು ದುರಸ್ತಿಯಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವ ಮುಟ್ಟಿತು. ಯಾರೋ ಡಬ್ಬಿ ಎಸೆಯದೆ ಇಟ್ಟುಕೊಂಡರು, ಸಿನಿಮಾ ಉಳಿಯಿತು, ಅಲ್ವಾ?

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ. ಮನಸ್ಸು ಬಂದಾಗ ನುಗ್ಗಿ ನೋಡೋ ಹಾಗಿಲ್ಲ ಅನ್ನೋದಕ್ಕೆ ಅರ್ಧ ಕಡಿಮೆ. ಹೋದವರು ಅಲ್ಲೇ ಹತ್ತಿರದ, ಅಪರೂಪದ ಪುಸ್ತಕ, ಹಸ್ತಪ್ರತಿಗಳ ಲಿಲ್ಲಿ ಲೈಬ್ರರಿಗೂ ಹೋಗಿ ಬನ್ನಿ. ಹಾಲಿವುಡ್ ನಿರ್ದೇಶಕರಾದ ಆರ್ಸನ್ ವೆಲ್ಸ್, ಜಾನ್ ಫೋರ್ಡ್ ಇವರ ಕಾಗದಪತ್ರಗಳು ಅಲ್ಲಿವೆ, ವಿದ್ಯಾರ್ಥಿ ಅಲ್ಲದವರೂ ಹೆಸರು ನೋಂದಾಯಿಸಿ ತರಿಸಿಕೊಂಡು ನೋಡಬಹುದು. ಓದುವ ಕೋಣೆಯಲ್ಲಿ ಪೆನ್ನು ನಡೆಯುವುದಿಲ್ಲ, ಪೆನ್ಸಿಲ್ ಇಟ್ಟುಕೊಂಡೇ ಹೋಗಿ.